ಬೆಳಗಿನ ಆರರ ವರದಿ – ಕಂತು ಏಳು: ಜೋಡಿಯಿಲ್ಲದ ಸಾಲು

“ಒಂದು ಗಂಟೆ ಟೈಮು ಮೇಡಂ, ಅಷ್ಟೇ,” ಎಂದರು ಸಬ್‌ಇನ್ಸ್‌ಪೆಕ್ಟರ್ ಸುನಿಲ್‌ಕುಮಾರ್, ಟೋಪಿ ತೆಗೆದು ಮೇಜಿನ ಮೇಲಿಡುತ್ತ. “ಎರಡು ಗಂಟೆಗೆ ಈ ಹುಡುಗೀನ ಜೀಪು ಹತ್ತಿಸ್ತೀನಿ. ಮೇಲಿಂದ ಫೋನ್ ಮೇಲೆ ಫೋನು.”

ಹುಡುಗಿ ಎಂದರೆ ಚೌಡೇಶ್ವರಿ. ನೆಲಮಂಗಲದ ಪಕ್ಕದ ಅರಿಶಿನಕುಂಟೆಯ ಈ ಔಷಧಿ ಗೋದಾಮಿನಲ್ಲಿ ವರದಿಗಳನ್ನು ನೋಡಿಕೊಳ್ಳುವವಳು. ಇಪ್ಪತ್ತನಾಲ್ಕು ವರ್ಷ. ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಡಬ್ಬಿಯ ಮುಚ್ಚಳ ಹಾಗೇ ಇತ್ತು.

“ಮೊದಲು ಊಟ ಮಾಡು,” ಎಂದಳು ಪ್ರಮೋದಾ.

“ಬೇಡ ಮೇಡಂ.”

“ಎರಡು ತುತ್ತು ತಿನ್ನು. ಎಲ್ಲಿಗೆ ಹೋದ್ರೂ ಹಸಿದುಕೊಂಡು ಹೋಗಬಾರದು.”

ಪ್ರಮೋದಾ ಪೊಲೀಸ್ ಅಲ್ಲ. ಸಾಫ್ಟ್‌ವೇರ್ ಮಾರುವ ಕಂಪನಿಯೊಂದರ ಪರವಾಗಿ ಊರೂರು ತಿರುಗಿ, ಯಾರು ಲೈಸೆನ್ಸ್ ಕೊಂಡಿದ್ದಾರೆ, ಯಾರು ಕೊಳ್ಳದೆ ಬಳಸುತ್ತಿದ್ದಾರೆ ಎಂದು ಪರಿಶೀಲಿಸುವುದು ಅವಳ ಕೆಲಸ. ಶುಕ್ರವಾರ ಅದೇ ಕೆಲಸಕ್ಕೆಂದು ಇಲ್ಲಿಗೆ ಬಂದವಳು, ಒಂದು ಮಗುವಿನ ಜೀವದ ವಿಷಯದಲ್ಲಿ ಸಿಕ್ಕಿಕೊಂಡಿದ್ದಳು.

ಗೋದಾಮಿನ ಕಂಪ್ಯೂಟರು ದಿನಾ ಬೆಳಗ್ಗೆ ಆರು ಗಂಟೆಗೆ, ಯಾರೂ ಮುಟ್ಟದೆ, ತಾನಾಗಿ ಒಂದು ವರದಿ ತಯಾರಿಸಿ ಹನ್ನೊಂದು ಔಷಧಿ ವ್ಯಾಪಾರಿಗಳಿಗೆ ಮೇಲ್ ಮಾಡುತ್ತಿತ್ತು. ಹಿಂದಿನ ದಿನವಿಡೀ ಕೋಲ್ಡ್ ರೂಮು ಎಷ್ಟು ಡಿಗ್ರಿಯಲ್ಲಿತ್ತು ಎಂಬುದೇ ಆ ವರದಿ. ಎರಡರಿಂದ ಎಂಟರ ನಡುವೆ ಇದ್ದರೆ ಹಸಿರು ಬಣ್ಣ. ಹಸಿರು ಕಂಡರೆ ವ್ಯಾಪಾರಿಗಳು ಮಾಲು ತರಿಸಿಕೊಳ್ಳುತ್ತಿದ್ದರು.

ಕಳೆದ ಸೋಮವಾರದ ವರದಿ ಹಸಿರಾಗಿತ್ತು. ನಾಲ್ಕು ಡಿಗ್ರಿ.

ಕೋಲ್ಡ್ ರೂಮಿನ ಗೋಡೆಗೆ ಹಾಕಿದ್ದ ಪುಟ್ಟ ಅಳತೆ ಪೆಟ್ಟಿಗೆ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು. ತಣ್ಣಗೆ ಮಾಡುವ ಯಂತ್ರ ಕೆಟ್ಟು, ಭಾನುವಾರ ಬೆಳಗ್ಗೆ ಒಂಬತ್ತರಿಂದ ಮಧ್ಯರಾತ್ರಿಯವರೆಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ.

ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕರಗಿದ ಮೇಲೆ ಸೀಸೆ ಮೊದಲಿನ ಹಾಗೆಯೇ ಕಾಣಬಹುದು. ಒಳಗಿನ ಗುಣ ಸತ್ತಿರುತ್ತದೆ.

ಅಂಥ ಒಂದು ಸೀಸೆ ನಂದಗುಡಿಯ ಅಂಗಡಿಗೆ ಹೋಗಿ, ಅಲ್ಲಿಂದ ರಮ್ಯ ಎಂಬ ತಾಯಿಯ ಕೈ ಸೇರಿತ್ತು. ಅವಳ ಮಗಳು ಸಿಂಚನ, ಒಂಬತ್ತು ವರ್ಷದವಳು, ಗುರುವಾರ ಶಾಲೆಯಲ್ಲಿ ಕುಸಿದವಳು ಇನ್ನೂ ಕಣ್ಣು ತೆರೆದಿರಲಿಲ್ಲ. ಹೊಸಕೋಟೆಯ ಆಸ್ಪತ್ರೆಯಲ್ಲಿ ರಮ್ಯ ಒಂದು ನೋಟ್‌ಬುಕ್ ತೋರಿಸಿದ್ದಳು. ಸೂಜಿ ಚುಚ್ಚಿಕೊಂಡಾಗಲೆಲ್ಲ ಮಗು ಅದರಲ್ಲಿ ಒಂದೊಂದು ನಕ್ಷತ್ರ ಬರೆಯುತ್ತಿತ್ತು. ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕುಸಿದ ದಿನ ಬೆಳಗ್ಗೆಯೂ ಒಂದು ನಕ್ಷತ್ರವಿತ್ತು, ಹಳದಿ ಪೆನ್ಸಿಲಿನಲ್ಲಿ.

ಆ ಸುಳ್ಳು ವರದಿಯ ಕೆಳಗೆ ಇದ್ದ ಹೆಸರು ಚೌಡೇಶ್ವರಿಯದು. ಅದಕ್ಕೇ ಹೊರಗೆ ಜೀಪು ನಿಂತಿತ್ತು.

“ಸರ್, ಈ ಕಡೆ ಬನ್ನಿ,” ಎಂದು ಪ್ರಮೋದಾ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದಳು. ಗುರುವಾರ ಸಂಜೆ ಪೊಲೀಸರು ಹಾಕಿದ್ದ ಸೀಲನ್ನು ಸುನಿಲ್‌ಕುಮಾರ್ ಇವತ್ತೇ ತೆಗೆಸಿದ್ದರು. “ಮೂಲೇಲಿ ತಾರೀಕು ನೋಡಿ.”

ಸುನಿಲ್‌ಕುಮಾರ್ ಬಗ್ಗಿ ನೋಡಿದರು. ತಮ್ಮ ಕೈಗಡಿಯಾರ ನೋಡಿಕೊಂಡರು. ಮತ್ತೆ ಪರದೆ ನೋಡಿದರು.

“ಇದೇನ್ರೀ, ಒಂದು ತಿಂಗಳು ಹಿಂದಿದೆ?”

“ಹೌದು. ಇಡೀ ನೆಲಮಂಗಲಕ್ಕೆ ಹೊಸ ತಿಂಗಳು ಬಂದಿದೆ. ಈ ಕಂಪ್ಯೂಟರಿನೊಳಗೆ ಮಾತ್ರ ಹಳೇದು ಇನ್ನೂ ನಡೀತಿದೆ.”

“ಕೆಟ್ಟಿದೆಯಾ?”

“ಇಲ್ಲ. ಕೆಡಿಸಿದ್ದಾರೆ. ವರದಿ ಕಳಿಸೋ ಸಾಫ್ಟ್‌ವೇರನ್ನ ಇವರು ಕೊಂಡೇ ಇಲ್ಲ. ಮೂವತ್ತು ದಿನ ಪುಕ್ಕಟೆ ಬಳಸಿ ನೋಡಿ ಅಂತ ಕೊಡ್ತಾರಲ್ಲ, ಅದರಲ್ಲೇ ಏಳು ತಿಂಗಳು ನಡೆಸಿದ್ದಾರೆ. ಮೂವತ್ತು ದಿನ ಮುಗೀತು ಅಂದ ತಕ್ಷಣ ತಾರೀಕನ್ನ ಹಿಂದಕ್ಕೆ ಹಾಕೋದು. ಅದು ತೆರೆಯುವಾಗ ಮಾತ್ರ ತಾರೀಕು ನೋಡುತ್ತೆ. ಇನ್ನೂ ದಿನ ಇದೆ ಅಂತ ನಂಬಿ ತೆರ್ಕೊಂಡು, ಮತ್ತೆ ಮೂವತ್ತು ದಿನ ಕೊಡುತ್ತೆ. ತೆರೆದ ಮೇಲೆ ತಾರೀಕನ್ನ ಮತ್ತೆ ಸರಿ ಮಾಡೋದು.”

“ಅಷ್ಟು ದಡ್ಡಾ ಅದು?”

“ದಡ್ಡ ಅಲ್ಲ ಸರ್, ನಂಬಿಕಸ್ಥ.”

ಸುನಿಲ್‌ಕುಮಾರ್ ನಗಲಿಲ್ಲ. “ಈ ಭಾನುವಾರ ತಾರೀಕು ಹಿಂದಕ್ಕೆ ಹೋಗಿದ್ದು ಹಿಂದೇನೇ ಉಳೀತು. ಅಲ್ವಾ?”

“ಹೌದು. ಸೋಮವಾರ ಬೆಳಗ್ಗೆ ಆರಕ್ಕೆ ಕಂಪ್ಯೂಟರು ನಿನ್ನೇದು ಅಂದುಕೊಂಡು ಹೋದ ತಿಂಗಳ ಒಂದು ದಿನದ ಅಳತೆ ತೆಗೆದು ಕಳಿಸ್ತು. ಆ ದಿನ ಎಲ್ಲ ಸರಿಯಿತ್ತು. ನಾಲ್ಕು ಡಿಗ್ರಿ. ವರದಿ ಒಳಗೆ ಹಳೇ ತಾರೀಕು ಅಚ್ಚಾಗಿದೆ. ಹನ್ನೊಂದು ಜನ ಹಸಿರು ನೋಡಿದ್ರು. ಒಬ್ಬರೂ ತಾರೀಕು ನೋಡಲಿಲ್ಲ.”

ಹೆದ್ದಾರಿಯ ಕಡೆಯಿಂದ ಲಾರಿಯೊಂದರ ಹಾರ್ನ್ ಉದ್ದಕ್ಕೆ ಕೂಗಿ ನಿಂತಿತು.

“ಸರಿ ಮೇಡಂ. ತಾರೀಕು ತಿರುಗಿಸೋಳು ಇವಳೇ ತಾನೆ? ಅವಳೇ ಒಪ್ಕೊಂಡಿದ್ದಾಳೆ.”

“ತಿಂಗಳು ತಿಂಗಳೂ ತಿರುಗಿಸಿದ್ದು ಇವಳೇ. ಈ ಭಾನುವಾರ ತಿರುಗಿಸಿದ ಕೈ ಬೇರೆ.”

ಪ್ರಮೋದಾ ಒಂದು ಪಟ್ಟಿ ತೆರೆದಳು. ಯಾರಾದರೂ ಗಡಿಯಾರ ಬದಲಿಸಿದರೆ ಕಂಪ್ಯೂಟರು ತನ್ನೊಳಗೆ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು.

“ಓದಿ ಸರ್. ಹಿಂದಕ್ಕೆ ಒಂದು ಸಾಲು. ನಾಲ್ಕು ನಿಮಿಷ ಬಿಟ್ಟು ಮುಂದಕ್ಕೆ ಒಂದು ಸಾಲು. ಮುಂದಿನ ತಿಂಗಳೂ ಹಾಗೇ. ಅದರ ಮುಂದಿನ ತಿಂಗಳೂ ಹಾಗೇ. ಆರು ಜೋಡಿ.” ಅವಳ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. “ಭಾನುವಾರ ಬೆಳಗ್ಗೆ, ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಹಿಂದಕ್ಕೆ. ಇದಕ್ಕೆ ಜೋಡಿ ಇಲ್ಲ.”

“ಮರೆತಿರಬಹುದು.”

“ಆರು ಸಲ ನಾಲ್ಕೇ ನಿಮಿಷಕ್ಕೆ ಸರಿ ಮಾಡಿದವಳು? ಮಾಡಿದವರಿಗೆ ಅರ್ಧ ಕೆಲಸ ಮಾತ್ರ ಗೊತ್ತಿತ್ತು ಸರ್. ಅದೂ ಅಲ್ಲದೆ, ಭಾನುವಾರದ ಹಾಜರಿ ಪುಸ್ತಕದಲ್ಲಿ ಇವಳ ಸಹಿ ಇಲ್ಲ. ಸೋಮವಾರದಿಂದ ಮೂರು ದಿನ ರಜ. ಗುರುವಾರ ಇವಳು ಬರೋ ಹೊತ್ತಿಗೆ ನಿಮ್ಮ ಸೀಲು ಬಿದ್ದಿತ್ತು.”

“ಪಾಸ್‌ವರ್ಡು?”

ಪ್ರಮೋದಾ ಪರದೆಯ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ತೋರಿಸಿದಳು. ಅದರಲ್ಲಿ ದಪ್ಪ ಅಕ್ಷರದಲ್ಲಿ ಪಾಸ್‌ವರ್ಡ್ ಬರೆದಿತ್ತು. ಪುಕ್ಕಟೆ ಸಾಫ್ಟ್‌ವೇರಿಗೆ ಯಾರಾದರೊಬ್ಬರ ಹೆಸರು ಕೊಡಬೇಕಿತ್ತು, ಇವಳದ್ದು ಕೊಟ್ಟಿದ್ದರು. ಗೋದಾಮಿನಲ್ಲಿ ಯಾರು ಆ ಕುರ್ಚಿಯಲ್ಲಿ ಕೂತರೂ ಅವರ ಹೆಸರು ಚೌಡೇಶ್ವರಿಯೇ.

ಗೋಡೆ ಪಕ್ಕ ಕೂತಿದ್ದ ಚೌಡೇಶ್ವರಿ ಡಬ್ಬಿ ತೆರೆದಿದ್ದಳು. ಅನ್ನವನ್ನು ಬೆರಳಲ್ಲಿ ಕಲಸುತ್ತಿದ್ದಳು, ಬಾಯಿಗಿಡುತ್ತಿರಲಿಲ್ಲ. ಪ್ರಮೋದಾಳ ಮಾತಿನಿಂದ ಅವಳ ಮುಖದಲ್ಲಿ ಸಮಾಧಾನ ಮೂಡಬೇಕಿತ್ತು. ಮೂಡಲಿಲ್ಲ. ಅದನ್ನು ಪ್ರಮೋದಾ ಗಮನಿಸಿದಳು.

ಬಾಗಿಲು ತಳ್ಳಿಕೊಂಡು ಮ್ಯಾನೇಜರ್ ಕೆಂಪರಾಜು ಒಳಗೆ ಬಂದ. ಐವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು. ಗೋದಾಮು ಎದ್ದಿರುವುದು ಅವನಪ್ಪನ ಹೊಲದಲ್ಲಿ. ಜಾಗದ ಜೊತೆಗೆ ಮಗನಿಗೆ ಕೆಲಸ ಎಂದು ಮಾತಾಗಿತ್ತು.

“ಇನ್ನೂ ಮುಗ್ದಿಲ್ವಾ ಮೇಡಂ? ನೀವು ಬಂದಿದ್ದು ಲೈಸೆನ್ಸ್ ನೋಡೋಕೆ. ಪೊಲೀಸ್ ಕೆಲ್ಸ ಯಾವಾಗಿಂದ ಶುರು ಹಚ್ಕೊಂಡ್ರಿ?”

“ಲೈಸೆನ್ಸೇ ನೋಡ್ತಿದ್ದೀನಿ ಕೆಂಪರಾಜು. ಇಲ್ಲ ಅಂತ ಗೊತ್ತಾಯ್ತು.”

“ಅದು ಈ ಹುಡುಗಿ ವಿಷ್ಯ. ನಂಗೆ ಕಂಪ್ಯೂಟರ್ ಅಂದ್ರೆ ಏನು ಅಂತ ಗೊತ್ತಿಲ್ಲ. ಟೈಪ್ ಮಾಡೋಕೆ ಬರಲ್ಲ. ಏನಮ್ಮಾ, ನಾನು ಯಾವತ್ತಾದ್ರೂ ಆ ಕುರ್ಚಿ ಮೇಲೆ ಕೂತಿದ್ದೀನಾ?”

“ಇಲ್ಲ ಸರ್,” ಎಂದಳು ಚೌಡೇಶ್ವರಿ.

“ನೋಡಿದ್ರಾ?”

ಪ್ರಮೋದಾ ತನ್ನ ಚೀಲದಿಂದ ಆರು ಹಾಳೆ ತೆಗೆದು, ಇಸ್ಪೀಟಿನ ಎಲೆ ಹರಡುವಂತೆ ಮೇಜಿನ ಮೇಲೆ ಹರಡಿದಳು. ಪ್ರತಿ ಹಾಳೆಯಲ್ಲೂ ಚೌಡೇಶ್ವರಿಯ ಕೈಬರಹ: ಸಾಫ್ಟ್‌ವೇರಿನ ಅವಧಿ ಮುಗಿದಿದೆ, ದಯವಿಟ್ಟು ಲೈಸೆನ್ಸ್ ಕೊಡಿಸಬೇಕು. ಪ್ರತಿ ಹಾಳೆಯ ಕೆಳಗೂ ಕೆಂಪು ಪೆನ್ನಿನಲ್ಲಿ ಬೇರೆ ಬರಹ: ಮುಂದಿನ ತಿಂಗಳು ನೋಡೋಣ.

“ಟೈಪ್ ಮಾಡೋಕೆ ಬರಲ್ಲ. ಬರೆಯೋಕೆ ಚೆನ್ನಾಗಿ ಬರುತ್ತೆ,” ಎಂದಳು.

ಕೆಂಪರಾಜು ಹಾಳೆಗಳನ್ನು ಮುಟ್ಟಲಿಲ್ಲ. “ಇದೆಲ್ಲಾ ಎಲ್ಲಾ ಕಡೆ ನಡಿಯೋದೇ. ಈ ರಸ್ತೇಲಿರೋ ಗೋದಾಮೆಲ್ಲಾ ಒಂದು ಸುತ್ತು ಹಾಕ್ಕೊಂಡ್ ಬನ್ನಿ. ಯಾರು ಲೈಸೆನ್ಸ್ ಕೊಂಡವ್ರೆ ನೋಡಾಣ.”

“ಎಲ್ಲಾ ಕಡೆ ಮಗು ಆಸ್ಪತ್ರೆ ಸೇರಿಲ್ಲ.”

“ಆ ಮಗು ಹೆಸ್ರು ತಗೀಬೇಡಿ ಮೇಡಂ. ನಂಗೂ ಮೊಮ್ಮಗಳವ್ಳೆ.”

“ಅದಕ್ಕೇ ಕೇಳ್ತಿದ್ದೀನಿ. ಭಾನುವಾರ ಹನ್ನೊಂದೂವರೆಗೆ ನೀವು ಇಲ್ಲಿದ್ರಿ. ಹಾಜರಿ ಪುಸ್ತಕದಲ್ಲಿ ಸಹಿ ಇದೆ.”

“ಇದ್ದೆ. ಆ ಕಂಪ್ಯೂಟರ್ ಮುಟ್ಟಿಲ್ಲ. ನಮ್ಮಪ್ಪನಾಣೆ ಮುಟ್ಟಿಲ್ಲ.”

“ನಂಬ್ತೀನಿ,” ಎಂದಳು ಪ್ರಮೋದಾ ಮೆಲ್ಲಗೆ. “ನೀವು ಮುಟ್ಟೋರಲ್ಲ. ಮುಟ್ಟಿದ್ರೆ ನಾಳೆ ತಲೆ ಮೇಲೆ ಬರುತ್ತೆ ಅಂತ ಗೊತ್ತಿರೋರು. ಯಾರ ಕೈಲಿ ಮುಟ್ಟಿಸಿದ್ರಿ?”

ಜೇಬಿನಲ್ಲಿ ಒಂದು ಫೋನು ನಡುಗಿತು. ಕೆಂಪರಾಜು ಅದನ್ನು ತೆಗೆಯದೆ ಮೇಲಿನಿಂದಲೇ ಅದುಮಿ ಹಿಡಿದ.

“ಹೇಳ್ರೀ,” ಎಂದರು ಸುನಿಲ್‌ಕುಮಾರ್. ಅವರ ದನಿ ಗಡುಸಾಗಿತ್ತು. “ಜೀಪಲ್ಲಿ ಇನ್ನೊಬ್ರಿಗೆ ಜಾಗ ಐತೆ.”

“ಮೂವತ್ತು ದಿನ ಮುಗೀತು ಅಂತ ಬಂತು ಸರ್ ಪರದೇಲಿ,” ಎಂದ ಕೆಂಪರಾಜು. ಮಾತು ಒಮ್ಮೆಲೇ ಸಡಿಲವಾಗಿತ್ತು. “ಬೆಳಗ್ಗೆ ವರದಿ ಹೋಗ್ಲಿಲ್ಲ ಅಂದ್ರೆ ಹನ್ನೊಂದು ಜನ ನನ್ನ ಜೀವ ತಿಂತಾರೆ. ಚೌಡೇಶ್ವರಿಗೆ ಫೋನ್ ಮಾಡ್ದೆ. ದೊಡ್ಡಬಳ್ಳಾಪುರದಲ್ಲಿದ್ದೀನಿ, ಬರಕ್ಕಾಗಲ್ಲ ಸರ್ ಅಂದ್ಳು. ನಂಗೂ ಒಂದು ಗೃಹಪ್ರವೇಶಕ್ಕೆ ಹೋಗೋದಿತ್ತು. ಫೋನ್‌ನ ಭಾಗ್ಯಮ್ಮನ ಕೈಗೆ ಕೊಟ್ಟು, ಅವಳು ಹೇಳ್ದಂಗೆ ಮಾಡು ಅಂತ ಹೇಳಿ, ಹೊರಗಡೆ ಕಾರು ತಿರುಗಿಸ್ಕೊಂಡು ಕಾಯ್ತಿದ್ದೆ. ಆಮೇಲೆ ಫೋನ್ ಇಸ್ಕೊಂಡು ಹೊರಟೋದೆ. ಅಷ್ಟೇ ಸರ್.”

“ಭಾಗ್ಯಮ್ಮ ಯಾರು?”

“ಕಸ ಗುಡಿಸೋಳು.”

ನೂರಾರು ರೋಗಿಗಳ ಔಷಧಿಯ ಲೆಕ್ಕ ಇಡುವ ಯಂತ್ರಕ್ಕೆ ಒಬ್ಬ ಮ್ಯಾನೇಜರು ತನ್ನ ಬೆರಳು ತಾಗಿಸಲು ಹೆದರಿ, ಪೊರಕೆ ಹಿಡಿದಿದ್ದ ಕೈಯನ್ನು ತಾಗಿಸಿದ್ದ.

ಭಾಗ್ಯಮ್ಮ ಬಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಳು. ಪ್ರಮೋದಾ ಎದ್ದು ತನ್ನ ಕುರ್ಚಿಯನ್ನು ಅವಳ ಕಡೆ ಸರಿಸಿದಳು.

“ಅಯ್ಯೋ ಬ್ಯಾಡಿ ಮೇಡಂ.”

“ಕೂತ್ಕೊಳ್ಳಿ. ಭಾನುವಾರ ಈ ಕುರ್ಚಿ ಮೇಲೆ ಕೂತಿದ್ರಂತೆ?”

ಭಾಗ್ಯಮ್ಮ ಕೆಂಪರಾಜುವಿನ ಮುಖ ನೋಡಿದಳು. ಅವನು ಕಿಟಕಿ ನೋಡುತ್ತಿದ್ದ.

“ಕೂತಿದ್ದೆ,” ಎಂದಳು. “ನಂಗೇನು ಓದಕ್ಕೆ ಬರಕಿಲ್ಲ. ಬಸ್ ನಂಬರ್ ಗೊತ್ತಾಗ್ತದೆ ಅಷ್ಟೇಯ. ಚೌಡಿ ಫೋನಾಗೆ ಹೇಳ್ತು, ಭಾಗ್ಯಕ್ಕ, ಕೆಳಗೆ ಬಲಗಡೆ ಮೂಲೇಲಿ ಗಂಟೆ ಐತೆ ನೋಡಿ, ಅದರ ಮ್ಯಾಲೆ ಒತ್ತಿ ಅಂತ. ಒತ್ತುದೆ. ತಾರೀಕು ಎಲ್ಲಾ ಬಂತು. ಭಯ ಆಗ್ತಿತ್ತು ನಂಗೆ. ಏನಾರ ಸಿಡುದೋದ್ರೆ ಅಂತ.”

ಸುನಿಲ್‌ಕುಮಾರ್ ಬರೆದುಕೊಳ್ಳುತ್ತಿದ್ದರು. ಪ್ರಮೋದಾಳ ಎದೆ ಹಗುರಾಗುತ್ತಿತ್ತು. ಜೋಡಿ ಇಲ್ಲದ ಸಾಲಿಗೆ ಕಾರಣ ಸಿಕ್ಕಿತ್ತು. ಹಿಂದಕ್ಕೆ ಹಾಕುವುದನ್ನು ಹೇಳಿಕೊಟ್ಟವರು ಮುಂದಕ್ಕೆ ತರುವುದನ್ನು ಹೇಳಿಕೊಡಲು ಮರೆತಿದ್ದಾರೆ. ತಪ್ಪು ದೊಡ್ಡದು. ಆದರೆ ಅದು ತಪ್ಪು, ಅಪರಾಧವಲ್ಲ. ಜೈಲಿಗೆ ಹಾಕುವಂಥದ್ದಲ್ಲ.

“ತಾರೀಕನ್ನ ಮತ್ತೆ ಮುಂದಕ್ಕೆ ತರಬೇಕು ಅಂತ ಚೌಡೇಶ್ವರಿ ಹೇಳಲಿಲ್ವಾ?” ಎಂದು ಕೇಳಿದಳು.

“ಅದು ಎಲ್ಲಿ ಹೇಳ್ತು? ಅಷ್ಟೊತ್ಗೆ ಫೋನು ಅದರ ಕೈಲಿ ಇರ್ನಿಲ್ವಲ್ಲಾ.”

ಪೆನ್ನು ನಿಂತಿತು.

“ಮತ್ತೆ ಯಾರ ಕೈಲಿತ್ತು?”

“ಯಾರೋ ಗಂಡಸು. ‘ಕೊಡಿಲ್ಲಿ, ನಾನು ಹೇಳ್ತೀನಿ’ ಅಂತ ಇಸ್ಕೊಂಡಂಗಾಯ್ತು. ಆವಯ್ಯನೇ ಮಿಕ್ಕಿದ್ದೆಲ್ಲಾ ಹೇಳ್ದ. ಬಿರಬಿರನೆ ಹೇಳ್ದ. ಮ್ಯಾಲಿಂದ ಎರಡನೇದು ಒತ್ತಿ, ಪಾಸ್‌ವರ್ಡು ಪರದೆ ಅಂಚಲ್ಲಿ ಹಳದಿ ಚೀಟೀಲಿ ಐತೆ, ಅದೇ ಥರ ಕಾಣೋ ಅಕ್ಷರ ಹುಡುಕಿ ಹುಡುಕಿ ಒತ್ತಿ ಅಂತ.”

“ಹಳದಿ ಚೀಟಿ ಅಂತ ಅವನೇ ಹೇಳಿದ್ನಾ? ನೀವು ಹೇಳಿದ್ದಲ್ವಾ?”

“ನಾನ್ಯಾಕೆ ಹೇಳ್ಳಿ? ಆವಯ್ಯನೇ ಹೇಳ್ದ. ಇಲ್ಲೇ ನನ್ನ ಬೆನ್ನಿಂದೆ ನಿಂತವ್ನೇನೋ ಅನ್ನಂಗೆ.”

ಚೌಡೇಶ್ವರಿ ಡಬ್ಬಿಯ ಮುಚ್ಚಳ ಹಾಕಿದಳು. ಆ ಸಣ್ಣ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು.

“ದನಿ ಸರಿಯಾಗಿ ಕೇಳಿಸ್ತಾ ಭಾಗ್ಯಮ್ಮ?” ಪ್ರಮೋದಾಳ ಕಣ್ಣು ಹುಡುಗಿಯ ಮೇಲೇ ಇತ್ತು. “ದೊಡ್ಡಬಳ್ಳಾಪುರದ ಇವಳ ಮನೇಲಿ ಮಗ್ಗ ಇವೆ. ಆ ಸದ್ದಲ್ಲಿ ಫೋನು ಕೇಳಿಸೋದು ಕಷ್ಟ.”

“ಅದೇ ಮೇಡಂ! ಯಾವತ್ತು ಮಾಡುದ್ರೂ ಟಕಟಕ ಟಕಟಕ ಅಂತಿರ್ತದೆ. ಆವತ್ತು ಇರ್ನೇ ಇಲ್ಲ. ಒಳ್ಳೆ ಪಕ್ಕದಲ್ಲಿ ಕೂತು ಮಾತಾಡ್ದಂಗಿತ್ತು.”

“ಕರೆಂಟ್ ಹೋಗಿತ್ತೇನೋ.”

“ಫ್ಯಾನ್ ತಿರುಗೋ ಸದ್ದು ಬರ್ತಿತ್ತಲ್ಲ.”

ಪ್ರಮೋದಾ ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲೇ. ಕರೆಂಟ್ ಇದ್ದೂ ಹಗಲು ಹೊತ್ತು ಮಗ್ಗ ನಿಲ್ಲಿಸುತ್ತಾರೆಂದರೆ ಮನೆಗೆ ಯಾರೋ ಬಂದಿದ್ದಾರೆ ಎಂದರ್ಥ. ಸುಮ್ಮನೆ ಬಂದವರಲ್ಲ. ಅವರ ಮುಂದೆ ಸದ್ದು ಮಾಡಬಾರದು ಎನ್ನುವಂಥವರು.

“ನಿಮ್ಮ ಮನೆಗೆ ಭಾನುವಾರ ಯಾರು ಬಂದಿದ್ರು?” ಎಂದು ಕೇಳಿದಳು. “ಹೆಣ್ಣು ನೋಡೋಕಾ?”

“ಯಾರೂ ಬಂದಿರ್ಲಿಲ್ಲ ಮೇಡಂ.”

“ನೀನು ನನ್ನ ಮಗಳ ವಯಸ್ಸಿನವಳು. ಹೆದರಬೇಡ, ಹೇಳು.”

“ಯಾರೂ ಇಲ್ಲ.”

ಭಾಗ್ಯಮ್ಮನಿಗೆ ಈ ಮಾತುಕತೆ ಅರ್ಥವಾಗುತ್ತಿರಲಿಲ್ಲ. ತಾನು ನೆನಪಿಟ್ಟುಕೊಂಡು ಬಂದಿದ್ದನ್ನೆಲ್ಲ ಹೇಳಿ ಮುಗಿಸುವ ಆತುರ ಅವಳಿಗೆ.

“ಇನ್ನೊಂದು ಸಾರ್. ನಾನು ಕೇಳುದೆ ಆವಯ್ಯನ್ನ. ಕೋಲ್ಡ್ ರೂಮಿನ ಬಾಗ್ಲು ಮ್ಯಾಲೆ ಕೆಂಪು ದೀಪ ಉರೀತೈತೆ, ಯಾರಿಗಾರ ಹೇಳ್ಬೇಕಾ ಅಂದೆ. ‘ಜಾಸ್ತಿ ತಣ್ಣಗಾಗಿರುತ್ತೆ ಬಿಡಿ, ಔಷಧಿಗೆ ತಣ್ಣಗಿದ್ರೆ ಒಳ್ಳೇದೇ. ನಿಮ್ಮ ಕೆಲಸ ಮುಗೀತು, ಇಲ್ಲಿಗೆ ಬಿಟ್ಟು ಎದ್ದು ಹೋಗಿ, ಯಾರ ಹತ್ರಾನೂ ಹೇಳೋದು ಬೇಡ’ ಅಂದ. ತಿಳಿದೋರು ಹೇಳ್ತಾರೆ ಅಂತ ಎದ್ದು ಹೋದೆ.”

ಅವಳ ದನಿ ಕೊನೆಗೆ ಇಳಿಯಿತು. “ಹೇಳಿದ್ರೆ ಆ ಕೂಸಿಗೆ ಹಿಂಗಾಗ್ತಿರ್ನಿಲ್ವಾ ಮೇಡಂ?”

ಪ್ರಮೋದಾ ಅವಳ ಭುಜದ ಮೇಲೆ ಕೈಯಿಟ್ಟಳು. ನಂತರ ಕೆಂಪರಾಜುವಿನತ್ತ ತಿರುಗಿದಳು.

“ಆ ಕೆಂಪು ದೀಪ ಯಾವಾಗ ಉರಿಯುತ್ತೆ?”

“ಎಂಟು ದಾಟಿದ್ರೆ ಉರಿಯುತ್ತೆ.” ಅವನು ಕಾಲರಿನ ಗುಂಡಿ ಸಡಿಲಿಸಿಕೊಂಡ. “ಎರಡಕ್ಕಿಂತ ಕೆಳಗೋದ್ರೂ ಉರಿಯುತ್ತೆ.”

“ದೀಪ ಒಂದೇ?”

“ಒಂದೇ.”

“ಕೋಲ್ಡ್ ರೂಮು ಕೆಟ್ಟಿದೆ ಅಂದ್ರೆ ನೀವು ಏನಂದುಕೊಳ್ತೀರಿ? ಬಿಸಿಯಾಗಿದೆ ಅಂತ ತಾನೆ?”

“ಯಾರಾದ್ರೂ ಹಂಗೇ ಅನ್ಕೋತಾರೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಅಷ್ಟು ತಣ್ಣಗಾಗಿದ್ದಿಲ್ಲ.”

ಸುನಿಲ್‌ಕುಮಾರ್ ನಿಧಾನವಾಗಿ ಎದ್ದು ನಿಂತರು. ಪ್ರಮೋದಾ ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. ದೊಡ್ಡಬಳ್ಳಾಪುರದ ಒಂದು ಮನೆಯಲ್ಲಿ, ಫ್ಯಾನಿನ ಕೆಳಗೆ ಕೂತಿದ್ದ ಗಂಡಸಿಗೆ, ಅರಿಶಿನಕುಂಟೆಯ ಕೋಲ್ಡ್ ರೂಮು ಬಿಸಿಯಾಗಿಲ್ಲ, ತಣ್ಣಗಾಗಿದೆ ಎಂದು ಗೊತ್ತಿತ್ತು. ಯಂತ್ರ ಕೆಟ್ಟದ್ದು ತಾನಾಗಿ ಅಲ್ಲ. ತಾರೀಕನ್ನು ಮುಂದಕ್ಕೆ ತರಿಸದೆ ಬಿಟ್ಟದ್ದು ಮರೆತು ಅಲ್ಲ.

“ಯಾರಮ್ಮಾ ಅವನು?” ಎಂದರು ಸುನಿಲ್‌ಕುಮಾರ್.

ಚೌಡೇಶ್ವರಿ ಎದ್ದಳು. ಡಬ್ಬಿಯನ್ನು ಚೀಲಕ್ಕೆ ಹಾಕಿ, ಚೀಲವನ್ನು ಹೆಗಲಿಗೇರಿಸಿಕೊಂಡಳು. ಸಂಜೆ ಬಸ್ಸಿಗೆ ಹೊರಡುವವಳ ಹಾಗೆ.

“ಗಂಡಸು ಯಾರೂ ಇರ್ಲಿಲ್ಲ ಸರ್. ಪೂರ್ತಿ ಮಾತಾಡಿದ್ದು ನಾನೇ. ಆವತ್ತು ನಂಗೆ ನೆಗಡಿ. ದನಿ ಕಟ್ಟಿತ್ತು.”

“ನೆಗಡಿ ಆದ್ರೆ ಹೆಣ್ಣಿನ ದನಿ ಗಂಡಾಗ್ತದೇನವ್ವಾ?” ಭಾಗ್ಯಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು. “ನಂಗೇನು ಕಿವುಡಾ?”

“ದೀಪದ ವಿಷ್ಯ ಕೇಳಿ ಬಿಟ್ಟುಬಿಡಿ ಅಂದಿದ್ದೂ ನಾನೇ,” ಎಂದಳು ಚೌಡೇಶ್ವರಿ, ಅವಳ ಕಡೆ ನೋಡದೆ. “ಬರ್ಕೊಳಿ ಸರ್. ಸೈನ್ ಮಾಡ್ತೀನಿ.”

“ಚೌಡೇಶ್ವರಿ!” ಪ್ರಮೋದಾ ಅವಳ ಮುಂದೆ ಅಡ್ಡ ನಿಂತಳು. “ಐದು ನಿಮಿಷದ ಹಿಂದೆ ನೀನು ಬಿಡುಗಡೆ ಆಗಿದ್ದೆ. ಈಗ ಒಪ್ಕೊಂಡ್ರೆ ಏನಾಗುತ್ತೆ ಅಂತ ಗೊತ್ತಾ? ಆ ಮಗು ಉಳೀಲಿಲ್ಲ ಅಂದ್ರೆ...”

“ಗೊತ್ತು ಮೇಡಂ.”

“ಗೊತ್ತಿದ್ದೂ ಯಾಕೆ?”

ಹುಡುಗಿ ಚೀಲದ ಪಟ್ಟಿ ಸರಿಮಾಡಿಕೊಂಡಳು. ಪ್ರಮೋದಾಳ ಪಕ್ಕದಿಂದ ಹಾದು ಹೊರಗೆ ನಡೆದಳು. ಅಂಗಳದ ಬಿಸಿಲಿನಲ್ಲಿ ನಿಂತಿದ್ದ ಜೀಪಿನ ಹಿಂಬದಿಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಕೂತಿದ್ದಳು. ಚೌಡೇಶ್ವರಿ ಯಾರೂ ಹೇಳುವ ಮೊದಲೇ ಹತ್ತಿ ಅವಳ ಪಕ್ಕ ಕೂತಳು.

ಭಾಗ್ಯಮ್ಮ ಚಪ್ಪಲಿ ಹಾಕಿಕೊಳ್ಳದೆ ಓಡಿಬಂದಳು. ಹಿಂದೆಯೇ ಪ್ರಮೋದಾ.

“ಯಾಕವ್ವಾ ಸುಳ್ಳೇಳ್ತೀಯ? ನಾನು ಕೇಳ್ಸಿಕೊಂಡಿದ್ದು ನಂಗೆ ಗೊತ್ತಿಲ್ವಾ? ನಾಳೆ ಕೋರ್ಟಾಗೆ ಬೇಕಾದ್ರೂ ಹೇಳ್ತೀನಿ, ಆ ದನಿ ಎಲ್ಲಿ ಕೇಳುದ್ರೂ ಗುರುತು ಹಿಡೀತೀನಿ!”

ಚೌಡೇಶ್ವರಿ ಆಗ ಮೊದಲ ಬಾರಿಗೆ ಅವಳ ಮುಖ ನೋಡಿದಳು. ಜೀಪಿನ ಕಂಬಿಯ ನಡುವಿನಿಂದ ಕೈ ಚಾಚಿ ಭಾಗ್ಯಮ್ಮನ ಮುಂಗೈ ಹಿಡಿದಳು. ಪ್ರಮೋದಾಳಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದಳು:

“ಅದನ್ನ ಇನ್ನೊಂದು ಸಲ ಗಟ್ಟಿಯಾಗಿ ಹೇಳ್ಬೇಡಿ ಭಾಗ್ಯಕ್ಕ. ಇವತ್ತು ಸಂಜೆ ಬಸ್ಸಿಗೆ ಒಬ್ಬರೇ ಹೋಗ್ಬೇಡಿ.”